ಏಕವ್ಯಕ್ತಿ ನಾಟಕ: ರಂಗದ ಮೇಲಿನ ಹೆಂಗಸು ಯಾರ ಜೊತೆ ಮಾತಾಡುತ್ತಿದ್ದಾಳೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಹವ್ಯಾಸಿ ತಂಡ ಇದೆ. ಈ ಸಲ ನಾನೊಬ್ಬಳೇ ಆಡುವ ನಾಟಕ ಕಟ್ಟುತ್ತಿದ್ದೇವೆ. ನಾಲ್ಕು ಹೆಂಗಸರು, ಒಬ್ಬೊಬ್ಬರದೂ ಒಂದೊಂದು ಸ್ವಗತ. ಒಬ್ಬಳು ಅಡಿಕೆ ಸುಲಿಯಲು ಬರುವವಳು. ಇನ್ನೊಬ್ಬಳು ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. ಮತ್ತೊಬ್ಬಳು ರಾತ್ರಿ ಪಾಳಿಯ ನರ್ಸ್. ಕೊನೆಗೆ ಎಂಬತ್ತು ದಾಟಿದ ಅಜ್ಜಿ.

ಬರವಣಿಗೆ ಮುಗಿದಿದೆ, ಬಾಯಿಪಾಠವೂ ಆಗಿದೆ. ತಾಲೀಮು ನೋಡಲು ಬಂದವರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: "ಚೆನ್ನಾಗಿದೆ, ಆದ್ರೆ ಅಲ್ಲಲ್ಲಿ ಭಾಷಣ ಕೇಳಿದ ಹಾಗಾಗುತ್ತೆ." ಅಡಿಕೆಯವಳ ಭಾಗಕ್ಕೆ ಯಾರೂ ಹಾಗೆ ಹೇಳಲಿಲ್ಲ. ಅಜ್ಜಿಯ ಭಾಗಕ್ಕೆ ಎಲ್ಲರೂ ಹೇಳಿದರು. ಎರಡನ್ನೂ ಬರೆದವಳು ನಾನೇ, ಆಡುವವಳೂ ನಾನೇ. ಉದ್ದವೂ ಸುಮಾರು ಅಷ್ಟೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಏಕವ್ಯಕ್ತಿ ಮಾಡಿದವರು, ನೋಡಿದವರು ದಯವಿಟ್ಟು ಬಿಡಿಸಿ ಹೇಳಿ. ಈ ಹೆಂಗಸರು ನನಗೆ ತುಂಬಾ ಬೇಕಾದವರು. ಇವರ ಮಾತು ಭಾಷಣವಾಗಿ ಕೇಳಬಾರದು.

ಪುಣೆ ಕನ್ನಡತಿ

ಒಂದೇ ಪ್ರಶ್ನೆ. ನಿಮ್ಮ ಅಜ್ಜಿ ಯಾರ ಜೊತೆ ಮಾತಾಡುತ್ತಿದ್ದಾರೆ?

ಇದನ್ನು ಯಾಕೆ ಕೇಳಿದೆ ಅಂದರೆ, ಇಲ್ಲಿ ಮರಾಠಿಯಲ್ಲಿ ಸುಷ್ಮಾ ದೇಶಪಾಂಡೆ ಅವರ 'ವ್ಹಯ್, ಮೀ ಸಾವಿತ್ರಿಬಾಯಿ' ಅಂತ ಒಂದು ಏಕವ್ಯಕ್ತಿ ನಾಟಕ ಇದೆ. ಬರೆದು, ನಿರ್ದೇಶಿಸಿ, ಆಡಿದವರು ಅವರೇ. ಶುರುವಾದದ್ದು 1989ರಲ್ಲಿ. ನಗರದ ರಂಗಮಂದಿರ ಅಷ್ಟೇ ಅಲ್ಲ, ಹಳ್ಳಿಗಳಿಗೂ ಹೋದ ನಾಟಕ ಅದು. ಅದರಲ್ಲಿ ಸಾವಿತ್ರಿಬಾಯಿ ಫುಲೆ ನೇರವಾಗಿ ಎದುರು ಕೂತವರಿಗೇ ತನ್ನ ಕತೆ ಹೇಳುತ್ತಾರೆ. ಗಾಳಿಗೆ ಹೇಳುವುದಿಲ್ಲ, ಮೇಲೆ ನೋಡಿ ನಿಟ್ಟುಸಿರು ಬಿಡುವುದಿಲ್ಲ. ನಾವೇ ಅವರ ಮನೆಗೆ ಬಂದು ಕೂತವರು.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಸಾವಿತ್ರಿಬಾಯಿಗೆ ಇನ್ನೂ 17 ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರು. ಅದಕ್ಕೆ ಅವರು ಇನ್ನೊಂದು ಸೀರೆ ಜೊತೆಗೇ ಒಯ್ಯುತ್ತಿದ್ದರು. ಇದನ್ನು ಎದುರಿಗಿರುವವರಿಗೆ ಹೇಳುವಾಗ "ಸೀರೆ ಬದಲಿಸಿ ಪಾಠ ಶುರು ಮಾಡಿದೆ" ಅಂದರೆ ಸಾಕು. ಅವಮಾನ, ಛಲ ಅಂತೆಲ್ಲ ವಿವರಿಸುವ ಕೆಲಸ ಇಲ್ಲ. ಕೇಳುವವರಿಗೆ ತಾನೇ ಗೊತ್ತಾಗುತ್ತದೆ. ಯಾರೂ ಕೇಳುತ್ತಿಲ್ಲ ಅನಿಸಿದಾಗ ಮಾತ್ರ ಪಾತ್ರ ಎಲ್ಲವನ್ನೂ ಬಿಡಿಸಿ ಹೇಳಲು ಹೋಗುತ್ತದೆ. ಭಾಷಣ ಹುಟ್ಟುವುದು ಅಲ್ಲೇ.

ತುಂಗಾತೀರ

ಅಕ್ಕ, ನಿಮ್ಮ ಪ್ರಶ್ನೆ ಓದಿ ಸ್ಕ್ರಿಪ್ಟ್ ತೆಗೆದು ನೋಡಿದೆ. ಅಜ್ಜಿಗೆ ಕೇಳುವವರೇ ಇಲ್ಲ. ಜಗಲಿ ಮೇಲೆ ಕೂತು ತಾನೇ ಮಾತಾಡಿಕೊಳ್ಳುತ್ತಾಳೆ.

ಅಡಿಕೆಯವಳಿಗೆ ಕೇಳುವವರು ತಾನಾಗಿಯೇ ಇದ್ದಾರೆ. ಮಲೆನಾಡಿನ ಕಡೆ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಗೊತ್ತು. ಅಡಿಕೆ ಗೊನೆ ಇಳಿಸಿದ ದಿನ ಸಂಜೆಯಿಂದ ಹೆಂಗಸರು ಸಾಲಾಗಿ ಮೆಟ್ಟುಗತ್ತಿ (ಮಣೆಗೆ ಕೂರಿಸಿದ ಸುಲಿಯುವ ಕತ್ತಿ) ಇಟ್ಟುಕೊಂಡು ಕೂರುತ್ತಾರೆ. ಕೈಗೆ ಬಿಡುವಿಲ್ಲ, ಬಾಯಿಗೆ ಬಿಡುವಿದೆ. ಕಣ್ಣು ಕತ್ತಿಯ ಮೇಲೇ ಇರಬೇಕು, ಇಲ್ಲವಾದರೆ ಬೆರಳು ಹೋಗುತ್ತದೆ. ಹಾಗಾಗಿ ಪಕ್ಕದವಳ ಮುಖ ನೋಡದೇನೇ ಮಾತಾಡುತ್ತಾರೆ. ಮುಖ ನೋಡಿ ಹೇಳಲಾಗದ ಎಷ್ಟೋ ವಿಷಯ ಹೊರಗೆ ಬರುವುದು ಹಾಗೇ. ನನ್ನ ಪಾತ್ರ ಗಂಡ ಬಿಟ್ಟುಹೋದ ಸುದ್ದಿ ಹೇಳುವುದೂ ಹಾಗೇ. ಮಧ್ಯೆ "ನಿಂದೆಷ್ಟು ಡಬ್ಬ ಆಯ್ತೇ?" ಅಂತ ಸುಲಿದ ಅಡಿಕೆಯ ಲೆಕ್ಕ ಕೇಳುತ್ತಾಳೆ, ಮತ್ತೆ ಗಂಡನ ವಿಷಯಕ್ಕೆ ಬರುತ್ತಾಳೆ.

ಅದನ್ನು ಬರೆಯುವಾಗ ನಾನು ಇಷ್ಟೆಲ್ಲ ಯೋಚಿಸಿರಲಿಲ್ಲ. ಚಿಕ್ಕಂದಿನಿಂದ ಕೇಳಿದ್ದು ಹಾಗೇ ಬಂತು.

ಹಿಂದಿನ ಸಾಲು

ನಾನು ನಾಟಕ ಮಾಡುವವನಲ್ಲ, ನೋಡುವವನು. ಒಬ್ಬ ಪ್ರೇಕ್ಷಕನ ಮಾತು ಅಂತ ತಗೊಳ್ಳಿ.

ಹೆಣ್ಣಿನ ಬದುಕು ಅಂತ ಬೋರ್ಡು ಹಾಕಿದ ಏಕವ್ಯಕ್ತಿ ನಾಟಕಗಳಲ್ಲಿ ಜಾಸ್ತಿ ಪಾಲು ಗೋಳೇ ಇರುತ್ತದೆ. ಮೊದಲ ಹತ್ತು ನಿಮಿಷಕ್ಕೇ ಅಳು ಶುರು. ಆಮೇಲೆ ಹೋಗಲು ಜಾಗವೇ ಇರುವುದಿಲ್ಲ. ನನ್ನ ತಾಯಿ ಕಷ್ಟಪಟ್ಟವಳು. ಆದರೆ ಅವಳಷ್ಟು ನಗಿಸಿದವರನ್ನು ನಾನು ಕಂಡಿಲ್ಲ. ಆ ತಾಯಿ ನನಗೆ ರಂಗದ ಮೇಲೆ ಸಿಗುವುದಿಲ್ಲ.

ದು. ಸರಸ್ವತಿ ಅವರ 'ಸಣ್ತಿಮ್ಮಿ ರಾಮಾಯಣ' ಇದಕ್ಕೆ ಉತ್ತರ ಅಂತ ನನಗನಿಸುತ್ತದೆ. ಅವರೊಬ್ಬರೇ ನಿಂತು ಆಡುವ ಪ್ರಯೋಗ ಅದು. ದುಡಿದು ತಿನ್ನುವ ಹೆಂಗಸೊಬ್ಬಳು ತನ್ನ ಆಡುಮಾತಿನಲ್ಲಿ ರಾಮಾಯಣ ಹೇಳುತ್ತಾಳೆ. ಸೀತೆಯನ್ನು ಓಣಿಯ ಹುಡುಗಿ ಅನ್ನುವಷ್ಟು ಸಲಿಗೆಯಿಂದ ಮಾತಾಡಿಸುತ್ತಾಳೆ. ಜನ ನಗುತ್ತಾರೆ. ನಗುತ್ತಿರುವಾಗಲೇ ಪ್ರಶ್ನೆ ಬಂದು ನಾಟುತ್ತದೆ. ತುಂಗಾತೀರ ಮೇಡಂ, ನಿಮ್ಮ ನಾಲ್ವರಲ್ಲಿ ಯಾರಾದರೂ ನಗಿಸುತ್ತಾರಾ?

ತುಂಗಾತೀರ

ಸಂಘದ ಲೆಕ್ಕ ಬರೆಯುವವಳು ನಗಿಸುತ್ತಾಳೆ. ಸಾಲದ ಕಂತು ಕಟ್ಟದ ಒಬ್ಬೊಬ್ಬಳ ನೆಪವನ್ನೂ ಅವಳು ಸಭೆಯಲ್ಲಿ ಓದಿ ಹೇಳುವ ಭಾಗ ಇದೆ. ಅಲ್ಲಿ ಪ್ರೇಕ್ಷಕರೇ ಸಂಘದ ಸದಸ್ಯರು. ಆ ಭಾಗಕ್ಕೂ ಯಾರೂ ಭಾಷಣ ಅನ್ನಲಿಲ್ಲ, ಈಗ ಹೊಳೆಯಿತು.

ಓದಿನ ಕೋಣೆ

ಪುಣೆ ಕನ್ನಡತಿ ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೆ ಬಿದ್ದಿದೆ. ಇದನ್ನು ತುಂಬಾ ಚೆನ್ನಾಗಿ ಅರಿತವರು ಇಟಲಿಯ ಫ್ರಾಂಕಾ ರಾಮೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಏಕವ್ಯಕ್ತಿ ಬರೆಯುವವರು ಇವರನ್ನು ಓದಲೇಬೇಕು.

ರಾಮೆ ಹುಟ್ಟಿದ್ದೇ ಊರೂರು ತಿರುಗಿ ನಾಟಕವಾಡುವ ಮನೆತನದಲ್ಲಿ, 1929ರಲ್ಲಿ. ನಮ್ಮ ಕಂಪನಿ ನಾಟಕದ ಮನೆಯ ಮಕ್ಕಳ ಹಾಗೆ, ನಡೆಯಲು ಕಲಿಯುವ ಮೊದಲೇ ರಂಗಕ್ಕೆ ಬಂದವರು. 1977ರಲ್ಲಿ ಮಿಲಾನ್‌ನಲ್ಲಿ ಅವರು ಸ್ವಗತಗಳ ಒಂದು ಗುಚ್ಛವನ್ನು ಒಬ್ಬರೇ ಆಡಿದರು. ಗಂಡ ದಾರಿಯೊ ಫೊ ಜೊತೆ ಸೇರಿ ಬರೆದದ್ದು. ಅದರ ಹೆಸರಿನ ಅರ್ಥ ಮನೆ, ಹಾಸಿಗೆ, ಚರ್ಚು. ಹೆಂಗಸಿನ ಬದುಕು ಈ ಮೂರರೊಳಗೇ ಮುಗಿಯಬೇಕು ಅನ್ನುವ ಊರಿನಲ್ಲಿ ಆಡಿದ ನಾಟಕ.

ಅದರಲ್ಲೊಂದು 'ಒಂಟಿ ಹೆಂಗಸು'. ಗೃಹಿಣಿಯೊಬ್ಬಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಳೆ. ಮನೆ ತುಂಬಾ ರೇಡಿಯೋ, ಹಾಡು ಜೋರಾಗಿ ಕೇಳುತ್ತಿದೆ. ಎದುರು ಕಟ್ಟಡದ ಕಿಟಕಿಯಲ್ಲಿ ಹೊಸದಾಗಿ ಬಂದ ಹೆಂಗಸು ಕಾಣಿಸುತ್ತಾಳೆ. ಇವಳು ಖುಷಿಯಿಂದ ಮಾತು ಶುರು ಮಾಡುತ್ತಾಳೆ. ತನ್ನ ಮನೆಯಲ್ಲಿ ಎಲ್ಲವೂ ಇದೆ, ಗಂಡ ಏನೂ ಕಡಿಮೆ ಮಾಡಿಲ್ಲ ಅಂತ ಹೇಳುತ್ತಾ ಹೇಳುತ್ತಾ ಗಂಡ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಾನೆ ಅನ್ನುವುದೂ ಬಾಯಿಗೆ ಬರುತ್ತದೆ. ಒಳಗಿನ ಕೋಣೆಯಲ್ಲಿ ಮೈಯೆಲ್ಲ ಪ್ಲಾಸ್ಟರ್ ಹಾಕಿಕೊಂಡ ಮೈದುನ. ಒಂದು ಕೈ ಮಾತ್ರ ಹೊರಗಿದೆ, ಆ ಒಂದು ಕೈ ಸುಮ್ಮನಿರುವುದಿಲ್ಲ. ಫೋನಿನಲ್ಲಿ ಹೊಲಸು ಮಾತಾಡುವವನೊಬ್ಬ. ದುರ್ಬೀನು ಹಿಡಿದು ನೋಡುವವನೊಬ್ಬ. ತೊಟ್ಟಿಲಲ್ಲಿ ಮಗು. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಅವಳೂ ಇದನ್ನೆಲ್ಲ ದಿನನಿತ್ಯದ ವಿಷಯ ಅನ್ನುವ ಹಾಗೇ ಹೇಳುತ್ತಾಳೆ. ಕೊನೆಗೆ ಬಂದೂಕು ಎತ್ತಿಕೊಂಡು ಬಾಗಿಲಿಗೆ ಮುಖ ಮಾಡಿ ಗಂಡನಿಗಾಗಿ ಕಾಯುತ್ತಾ ಕೂರುತ್ತಾಳೆ.

ಆ ಎದುರು ಮನೆಯವಳು ನಮಗೆ ಒಮ್ಮೆಯೂ ಕಾಣುವುದಿಲ್ಲ. ಆದರೆ ಇಡೀ ನಾಟಕ ನಿಂತಿರುವುದು ಅವಳ ಮೇಲೆ. ಹೊಸಬಳು, ಹೆಂಗಸು, ಮನೆಯ ಯಾರಿಗೂ ಪರಿಚಯ ಇಲ್ಲದವಳು. ಅಂಥವಳಿಗೆ ಮಾತ್ರ ಇಷ್ಟೆಲ್ಲ ಹೇಳಲು ಸಾಧ್ಯ. ತಾಯಿಗೆ ಹೇಳಿದ್ದರೆ ಬೇರೆ ನಾಟಕ ಆಗುತ್ತಿತ್ತು, ಪೊಲೀಸರಿಗೆ ಹೇಳಿದ್ದರೆ ಮತ್ತೊಂದು.

ಬೆಳಕು ಬಾಬು

ಬೆಳಕು ಮಾಡುವವನಾಗಿ ನನ್ನದೊಂದೆರಡು ಮಾತು.

ಏಕವ್ಯಕ್ತಿ ಅಂದ ತಕ್ಷಣ ಎಲ್ಲರೂ ಪ್ರತಿ ಪಾತ್ರಕ್ಕೂ ಒಂದು ಬಣ್ಣದ ಲೈಟು ಕೇಳುತ್ತಾರೆ. ಅಜ್ಜಿಗೆ ಹಳದಿ, ನರ್ಸ್‌ಗೆ ನೀಲಿ. ಅದು ಬೇಡ. ಪಾತ್ರ ಬದಲಾದದ್ದು ನಟಿಯ ಬೆನ್ನು, ಕುತ್ತಿಗೆ, ಉಸಿರಿನಲ್ಲಿ ಗೊತ್ತಾಗಬೇಕು. ನಾನು ಬೆಳಕನ್ನು ಕೇಳುವವರ ಜಾಗಕ್ಕೆ ಬಳಸುತ್ತೇನೆ. ಅಡಿಕೆ ಭಾಗದಲ್ಲಿ ಪಕ್ಕದ ಖಾಲಿ ಮಣೆಯ ಮೇಲೆ ಸ್ವಲ್ಪ ಬೆಳಕು ಬಿದ್ದರೆ ಸಾಕು, ಅಲ್ಲಿ ಒಬ್ಬಳು ಕೂತಿದ್ದಾಳೆ ಅಂತ ಜನ ನಂಬುತ್ತಾರೆ. ನೀವು ಆ ಕಡೆ ತಿರುಗಿ ನೋಡುವ ಎತ್ತರ ಮಾತ್ರ ಪ್ರತಿ ಸಲ ಒಂದೇ ಇರಬೇಕು. ಒಮ್ಮೆ ಮಣೆಯ ಮೇಲೆ, ಒಮ್ಮೆ ವಿಂಗ್ (ರಂಗದ ಪಕ್ಕದ ಮರೆ) ಕಡೆಗೆ ನೋಡಿದರೆ ಪಕ್ಕದವಳು ಮಾಯವಾಗುತ್ತಾಳೆ.

ಕೇಳುವವರನ್ನು ಕಣ್ಣೆದುರೇ ನಿಲ್ಲಿಸಿದ ನಾಟಕವೂ ಕನ್ನಡದಲ್ಲಿದೆ. ಗಿರೀಶ ಕಾರ್ನಾಡರ 'ಒಡಕಲು ಬಿಂಬ'. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಮಾಡಿದರು. ಮಂಜುಳಾ ನಾಯಕ್ ಅನ್ನುವ ಕನ್ನಡ ಲೇಖಕಿ ಒಂದು ಇಂಗ್ಲಿಷ್ ಕಾದಂಬರಿಯಿಂದ ಹೆಸರು ಮಾಡಿ ಟೀವಿ ಸ್ಟುಡಿಯೋಗೆ ಬಂದಿದ್ದಾಳೆ. ಕ್ಯಾಮೆರಾ ಎದುರು ಮಾತು ಮುಗಿಸಿ ಏಳುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಗಾಲಿಕುರ್ಚಿಯಲ್ಲಿದ್ದ ತಂಗಿ ಮಾಲಿನಿಯ ಸುದ್ದಿ ಹೊರಬರುವುದು ಹಾಗೆ. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು, ನಟಿ ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಒಂದು ಉಸಿರು ಜಾಸ್ತಿ ತಗೊಂಡರೂ ಪರದೆ ಕಾಯುವುದಿಲ್ಲ. ಮರೆತ ಮಾತು ನೆನಪಿಸುವ ಪ್ರಾಂಪ್ಟರ್ ಕೂಡ ಉಳಿಸಲಾರ. ಲೈಟ್ ಬೋರ್ಡಿನ ಹಿಂದೆ ಕೂತವನಿಗೆ ಆ ಶಿಸ್ತಿನ ಬೆಲೆ ಚೆನ್ನಾಗಿ ಗೊತ್ತು.

ಮತ್ತೆ, ನಿಜವಾದ ಮೆಟ್ಟುಗತ್ತಿ ರಂಗದ ಮೇಲೆ ತರಬೇಡಿ ಮೇಡಂ. ಬ್ಲ್ಯಾಕೌಟ್‌ನಲ್ಲಿ ಯಾರಾದರೂ ಎಡವುತ್ತಾರೆ. ಅಲಗು ಇಲ್ಲದ್ದು ಮಾಡಿಸಿ, ಅಡಿಕೆ ಮಾತ್ರ ನಿಜದ್ದೇ ಇರಲಿ. ಸಿಪ್ಪೆ ಬೀಳುವ ಸದ್ದು ಬೇಕು.

ಚೌಕದ ಮಾತು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಕ್ಷಮಿಸಿ. ಈಗ ಏಕವ್ಯಕ್ತಿ ಹೆಚ್ಚಾಗಿರುವುದು ಕಲೆಗಾಗಿ ಅಲ್ಲ, ಅನುಕೂಲಕ್ಕಾಗಿ. ಹತ್ತು ಜನರನ್ನು ಸೇರಿಸುವುದು, ಊಟ, ಬಸ್ ಚಾರ್ಜು, ಜಗಳ ಇದ್ಯಾವುದೂ ಬೇಡ. ಒಬ್ಬರು ಒಂದು ಬ್ಯಾಗ್ ಹಿಡಿದು ಹೊರಟರೆ ನಾಟಕ ಆಯಿತು. ಹೀಗೇ ಆದರೆ ತಂಡಗಳು ಉಳಿಯುತ್ತವಾ? ರಂಗಭೂಮಿ ಅಂದರೆ ಹಲವರು ಸೇರಿ ಮಾಡುವುದು ಅಲ್ವಾ?

ಸೊರಬದ ಸೊಸೆ

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಅನುಕೂಲ ಅಂದಿರಲ್ಲ, ಅದು ಯಾರ ಅನುಕೂಲ ಅಂತ ನೋಡಿ.

ಸಂಜೆ ಆರರಿಂದ ಒಂಬತ್ತು ತಾಲೀಮಿನ ಹೊತ್ತು. ಮನೆಯಲ್ಲಿ ದೀಪ ಹಚ್ಚುವ, ಮಕ್ಕಳ ಹೋಮ್‌ವರ್ಕ್‌ನ, ರಾತ್ರಿ ಅಡುಗೆಯ ಹೊತ್ತೂ ಅದೇ. ಮದುವೆಗೆ ಮೊದಲು ನಾಟಕ ಮಾಡುತ್ತಿದ್ದ ನನ್ನ ಗೆಳತಿಯರಲ್ಲಿ ಈಗ ಮಾಡುತ್ತಿರುವವರು ತೀರಾ ಕಡಿಮೆ. ಗಂಡಸರು ಅದೇ ತಂಡದಲ್ಲಿ ಇನ್ನೂ ಇದ್ದಾರೆ. ಒಬ್ಬಳೇ ಆಡುವ ನಾಟಕವಾದರೆ ಮಧ್ಯಾಹ್ನ ಮಕ್ಕಳು ಶಾಲೆಗೆ ಹೋದಾಗ ತಾಲೀಮು ಇಟ್ಟುಕೊಳ್ಳಬಹುದು. ಪಾತ್ರೆ ತೊಳೆಯುತ್ತಾ ಮಾತು ನೆನಪು ಮಾಡಿಕೊಳ್ಳಬಹುದು. ಎಷ್ಟೋ ಹೆಂಗಸರು ರಂಗಕ್ಕೆ ವಾಪಸು ಬಂದಿರುವುದು ಈ ಬಾಗಿಲಿನಿಂದಲೇ.

ತಂಡ ಕಟ್ಟುವುದಕ್ಕೂ ಹೆಂಗಸರು ಹಿಂದೆ ಬಿದ್ದವರಲ್ಲ. ಆರ್. ನಾಗರತ್ನಮ್ಮ 1958ರಲ್ಲೇ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರವೂ ಹೆಂಗಸರದ್ದೇ. ಕಂಸನ ವೇಷ ಹಾಕಿ ಗದೆ ಹಿಡಿದು ನಿಂತವರು ಅವರೇ. ಅದನ್ನು ವರ್ಷಗಟ್ಟಲೆ ನಡೆಸುವುದು ಎಷ್ಟು ಕಷ್ಟ ಅಂತ ಯೋಚಿಸಿ. ಎಲ್ಲರಿಗೂ ಅದು ಆಗುವ ಮಾತಲ್ಲ.

ಚೌಕದ ಮಾತು

ತಾಲೀಮಿನ ಹೊತ್ತಿನ ವಿಷಯ ನಾನು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಆದರೂ ತಂಡದ ನಾಟಕಗಳ ತಾಲೀಮನ್ನೂ ಹೆಂಗಸರಿಗೆ ಆಗುವ ಹೊತ್ತಿಗೆ ಇಟ್ಟುಕೊಳ್ಳಬೇಕು ಅನ್ನುವ ಮಾತನ್ನು ನಾವು ಬಿಡಬಾರದು.

ಅತ್ತಿಕೊಳ್ಳದ ಓಣಿ

ಧಾರವಾಡದಿಂದ ನಮಸ್ಕಾರ್ರೀ. ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ' ಕಾದಂಬರಿಯನ್ನು ಲಕ್ಷ್ಮಿ ಚಂದ್ರಶೇಖರ್ ಒಬ್ಬರೇ ರಂಗಕ್ಕೆ ತಂದದ್ದು ಇಲ್ಲಿ ನೆನಪಾಗಲೇಬೇಕು. ದೇಸಗತಿಯ (ದೇಸಾಯಿ ಮನೆತನದ) ಅರಮನೆ, ಅದರೊಳಗೆ ಸಿಕ್ಕಿಬಿದ್ದ ಹೆಣ್ಣು, ಸುತ್ತ ಗಂಡಸರು. ಅಷ್ಟು ದೊಡ್ಡ ಕಾದಂಬರಿ ಒಬ್ಬರ ಮೈಯೊಳಗೆ ಹಿಡಿಯುವುದು ಸಣ್ಣ ಕೆಲಸ ಅಲ್ಲ. ಆ ಕತೆಯಲ್ಲೂ ಸಿಂಗಾರೆವ್ವನ ಬದುಕು ನಮಗೆ ಸಿಗುವುದು ಜೊತೆಗಿದ್ದ ಗೆಳತಿಯ ಬಾಯಿಂದ. ಜೊತೆಗೇ ಇದ್ದವಳು ಹೇಳುವಾಗ ಪ್ರೀತಿಯೂ ಇರುತ್ತದೆ, ಹೊಟ್ಟೆಕಿಚ್ಚೂ ಇರುತ್ತದೆ. ಅದರಿಂದಲೇ ಕತೆಗೆ ಜೀವ.

ಉಮಾಶ್ರೀಯವರ 'ಶರ್ಮಿಷ್ಠೆ'ಯನ್ನೂ ಸೇರಿಸುತ್ತೇನೆ. ಬೇಲೂರು ರಘುನಂದನ್ ಬರೆದದ್ದು, ಚಿದಂಬರರಾವ್ ಜಂಬೆ ನಿರ್ದೇಶನ. ಯಯಾತಿಯ ಕತೆ ಎಲ್ಲರಿಗೂ ಗೊತ್ತು. ರಾಜಕುಮಾರಿಯಾಗಿ ಹುಟ್ಟಿ, ದೇವಯಾನಿಯ ದಾಸಿಯಾಗಿ ಹೋದವಳು ಶರ್ಮಿಷ್ಠೆ. ಯಯಾತಿಗೆ ತನ್ನ ಯೌವನ ಕೊಟ್ಟ ಪುರು ಅವಳ ಮಗ. ಮಗನ ತ್ಯಾಗ ಹಾಡಿದವರು ಬಹಳ ಜನ. ಆ ತಾಯಿಯನ್ನು ಏನಾಯಿತು ಅಂತ ಕೇಳಿದವರು ಎಷ್ಟು ಮಂದಿ? ಗೊತ್ತಿರುವ ಕತೆಯನ್ನು ಕೇಳದೇ ಉಳಿದ ಕಡೆಯಿಂದ ಕೇಳಿಸುವುದು ಏಕವ್ಯಕ್ತಿಯ ದೊಡ್ಡ ಶಕ್ತಿ.

ಕಡಲ ತಡಿ

ನಮ್ಮ ಕರಾವಳಿಯ ಕಡೆಯಿಂದಲೂ ಒಂದು. ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಯಕ್ಷಗಾನ. ಶತಾವಧಾನಿ ಗಣೇಶರ ಸಾಹಿತ್ಯ, ಬರೀ ಸ್ತ್ರೀವೇಷ. 'ಭಾಮಿನಿ' ಬಹಳ ಹೆಸರಾಯಿತು. ಗಂಡಸೊಬ್ಬರು ಹೆಣ್ಣಿನ ಕಾಯುವಿಕೆ, ಮುನಿಸು, ವಿರಹವನ್ನು ಅಷ್ಟು ಸೂಕ್ಷ್ಮವಾಗಿ ತೋರಿಸುವುದು ನೋಡಲು ಸೊಗಸು. ಆದರೆ ಅಲ್ಲಿನ ನಾಯಿಕೆಗೆ ಬರುವವನು, ಬರದವನು ಇಬ್ಬರೂ ನಾಯಕನೇ. ನಿಮ್ಮ ಅಡಿಕೆಯವಳ ರಾತ್ರಿ, ಡಬ್ಬದ ಲೆಕ್ಕ ಆ ಪರಂಪರೆಯಲ್ಲಿ ಇಲ್ಲ. ಅದಕ್ಕೇ ನಿಮ್ಮ ನಾಟಕ ಬೇಕು.

ಹೆಸರು ಬೇಡ

ನನಗೊಂದು ಕಸಿವಿಸಿ ಇದೆ. ಅಡಿಕೆಯವಳ ಗಂಡ ಬಿಟ್ಟುಹೋದ ಕತೆ ನಿಜವಾಗಿ ಯಾರದೋ ಇರಬೇಕಲ್ಲ? ಅವರಿಗೆ ಗೊತ್ತಾ?

ಕೇಳಲು ಕಾರಣ ಇದೆ. ನನ್ನ ಚಿಕ್ಕಮ್ಮನ ಬದುಕಿನ ಒಂದು ಘಟನೆಯನ್ನು ನಮ್ಮ ಊರಿನ ಒಂದು ತಂಡ ನಾಟಕದಲ್ಲಿ ಬಳಸಿತ್ತು. ಹೆಸರು ಬದಲಿಸಿದ್ದರು. ಆದರೆ ಊರಿನವರಿಗೆಲ್ಲ ತಿಳಿಯಿತು. ಚಿಕ್ಕಮ್ಮ ನಾಟಕ ನೋಡಲು ಹೋಗಿದ್ದವಳು ಮಧ್ಯದಲ್ಲೇ ಎದ್ದು ಬಂದಳು. ಆಮೇಲೆ ಆ ವಿಷಯ ಯಾರ ಬಳಿಯೂ ಎತ್ತಲಿಲ್ಲ.

ಓದಿನ ಕೋಣೆ

ಇದು ಬಹಳ ಮುಖ್ಯವಾದ ಮಾತು. ಸ್ವಗತಗಳ ನಾಟಕ ಅಂದರೆ ಲೋಕಕ್ಕೆಲ್ಲ ಮೊದಲು ನೆನಪಾಗುವ 'ವಜೈನಾ ಮೊನೊಲಾಗ್ಸ್' ಕೂಡ ಇಂಥ ಪ್ರಶ್ನೆ ಎದುರಿಸಿದೆ. ಈವ್ ಎನ್‌ಸ್ಲರ್ 200ಕ್ಕೂ ಹೆಚ್ಚು ಹೆಂಗಸರನ್ನು ಮಾತಾಡಿಸಿ 1996ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದರು. ಆಗ ಅವರೊಬ್ಬರೇ ಎಲ್ಲ ಹೆಂಗಸರಾಗಿದ್ದರು. ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಬೆಳಕಿಗೆ ತಂದರು ಅನ್ನುವುದು ನಿಜ. ಅಷ್ಟು ಜನರ ಅನುಭವ ಒಬ್ಬರ ಲೇಖನಿಯಿಂದ ಬಂದಾಗ ಯಾರ ದನಿ ಯಾರದು ಅನ್ನುವ ಪ್ರಶ್ನೆಯೂ ನಿಜ.

ಫ್ರಾಂಕಾ ರಾಮೆ ಇನ್ನೊಂದು ದಾರಿ ತೋರಿಸುತ್ತಾರೆ. 1973ರ ಮಾರ್ಚ್‌ನಲ್ಲಿ ಬಲಪಂಥೀಯ ಗೂಂಡಾಗಳು ಅವರನ್ನು ಮಿಲಾನ್‌ನಲ್ಲಿ ಅಪಹರಿಸಿ ಅತ್ಯಾಚಾರ ಮಾಡಿದರು. ಅದರ ಬಗ್ಗೆ ಅವರೇ ಒಂದು ಸ್ವಗತ ಬರೆದು ಆಡಿದರು. ಆದರೆ ಶುರುವಿನಲ್ಲಿ ಅದು ತನ್ನದೇ ಕತೆ ಅಂತ ಹೇಳಿರಲಿಲ್ಲ. ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು. ನಿಮ್ಮ ಚಿಕ್ಕಮ್ಮನ ಕೈಯಿಂದ ಕಿತ್ತುಕೊಂಡದ್ದು ಅದನ್ನೇ.

ಎ. ರೇವತಿಯವರನ್ನೂ ನೋಡಿ. ಟ್ರಾನ್ಸ್ ಮಹಿಳೆಯಾಗಿ ತನ್ನ ಬದುಕನ್ನು ತಾವೇ ಬರೆದರು. ಅದನ್ನು ದು. ಸರಸ್ವತಿ 'ಬದುಕು ಬಯಲು' ಅಂತ ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶ ಅವರ ನಿರ್ದೇಶನದಲ್ಲಿ ನಾಟಕ ಮಾಡಿ ಊರೂರಿಗೆ ಒಯ್ದಿತು. ಮತ್ತೆ ತಮಿಳಿನಲ್ಲಿ ರೇವತಿಯವರೇ ರಂಗದ ಮೇಲೆ ನಿಂತು ತಮ್ಮ ಕತೆ ಆಡಿದರು. ಬೇರೆಯವರು ಆಡಿದ್ದೂ ಆಯಿತು, ತಾವೇ ಆಡಿದ್ದೂ ಆಯಿತು. ಎರಡೂ ಅವರ ಒಪ್ಪಿಗೆಯಿಂದ.

ತುಂಗಾತೀರ

ಹೆಸರು ಬೇಡ ಅವರೇ, ನಿಮ್ಮ ಚಿಕ್ಕಮ್ಮನ ವಿಷಯ ಓದಿ ಸಂಕಟವಾಯಿತು. ಅಡಿಕೆಯವಳ ಕತೆ ಒಬ್ಬರದಲ್ಲ, ಮೂರ್ನಾಲ್ಕು ಜನರದ್ದು ಸೇರಿದೆ. ಅವರಲ್ಲಿ ಒಬ್ಬರಿಗೆ ಪೂರ್ತಿ ಓದಿ ಹೇಳಿದ್ದೇನೆ. ಅವರು ಒಂದೇ ಒಂದು ತಿದ್ದುಪಡಿ ಹೇಳಿದರು: "ಅವನು ಹೋದ ದಿನ ನಾ ಅಳಲಿಲ್ಲ. ಅಳು ತೆಗಿ." ತೆಗೆದಿದ್ದೇನೆ. ಉಳಿದವರಿಗೂ ಮೊದಲ ಪ್ರದರ್ಶನಕ್ಕೆ ಮೊದಲೇ ಓದಿ ಹೇಳುತ್ತೇನೆ. ಬೇಡ ಅಂದರೆ ಆ ಸಾಲು ಇರುವುದಿಲ್ಲ.

ಹಳೇ ಮೇಷ್ಟ್ರು

ಅಜ್ಜಿಯ ಭಾಗಕ್ಕೆ ಕೇಳುವವರನ್ನು ನಾನು ಕೊಡುತ್ತೇನೆ, ತಗೋ ತಂಗಿ. ಜನಗಣತಿಯವನು.

2011ರಲ್ಲಿ ನಾನು ಗಣತಿಗೆ ಹೋದವನು. ಮೇಷ್ಟ್ರುಗಳಿಗೆ ಆ ಕೆಲಸ ಬರುತ್ತದಲ್ಲ. ಮನೆ ಬಾಗಿಲಲ್ಲಿ ನಿಂತು "ಅಮ್ಮ, ನಿಮ್ಮ ಕೆಲಸ ಏನು?" ಅಂದರೆ ಒಳಗಿನಿಂದ ಬೇರೆ ಯಾರೋ "ಏನಿಲ್ಲ, ಮನೇಲೇ ಇರ್ತಾರೆ" ಅನ್ನುತ್ತಾರೆ. ಮನೆಗೆಲಸ ಮಾತ್ರ ಅಂದರೆ ನಮೂನೆಯಲ್ಲಿ ಅವರು ಕೆಲಸಗಾರರಲ್ಲದವರ ಲೆಕ್ಕಕ್ಕೆ ಹೋಗುತ್ತಾರೆ. ಆದರೆ ತರಬೇತಿಯಲ್ಲಿ ನಮಗೆ ಒಂದು ಮಾತು ಹೇಳಿದ್ದರು. ಮನೆ ಬಳಕೆಗೆ ಮಾತ್ರ ಹಾಲು ಉತ್ಪಾದನೆ ಇದ್ದರೂ ಅದನ್ನು ಕೆಲಸ ಅಂತಲೇ ಬರೆಯಬೇಕು. ಹಾಗಾಗಿ ನಾನು ತಿರುಗಿ ಕೇಳುತ್ತಿದ್ದೆ: "ಹಸು ಯಾರು ನೋಡ್ಕೊಳ್ತಾರೆ?" ಆಗ ಅಜ್ಜಿಯ ಮುಖ ಮೇಲೇಳುತ್ತಿತ್ತು. ಕೊಟ್ಟಿಗೆಯ ಕತೆ ಶುರುವಾದರೆ ನಿಲ್ಲುತ್ತಿರಲಿಲ್ಲ. ಸರ್ಕಾರದಿಂದ ಬಂದವನು ತಮ್ಮನ್ನು ಕೇಳಿದ್ದು ಅದೇ ಮೊದಲು ಅನ್ನುವವರೂ ಇದ್ದರು.

ನಿನ್ನ ಅಜ್ಜಿಗೆ ಹಸು ಇದೆಯಾ?

ತುಂಗಾತೀರ

ಮೇಷ್ಟ್ರೇ, ಇದೆ! ಸ್ಕ್ರಿಪ್ಟಿನಲ್ಲಿ ಮೊದಲಿಂದಲೂ ಇದೆ. ನಿನ್ನೆ ರಾತ್ರಿಯೇ ಕೂತು ಹೊಸದಾಗಿ ಬರೆದೆ. ಶುರುವಿನ ಭಾಗ ಹಾಕುತ್ತಿದ್ದೇನೆ, ಓದಿ ಹೇಳಿ.

"ಬಾ ತಮ್ಮಾ. ಆ ಕುರ್ಚಿ ಬೇಡ, ಕಾಲು ಸರಿ ಇಲ್ಲ ಅದ್ರದ್ದು. ಜಗಲಿ ಮೇಲೇ ಕೂತ್ಕೋ. ಹೆಸ್ರು ಬರ್ಕೊಂಡ್ಯಾ? ಅದು ಈ ಮನೆಗೆ ಬಂದ್ಮೇಲೆ ಇಟ್ಟಿದ್ದು. ಮುಂಚಿಂದು ಬೇರೆ ಇತ್ತು. ಅದಕ್ಕೆ ನಿನ್ ಹತ್ರ ಜಾಗ ಇದ್ಯಾ? ಇಲ್ವಾ, ಸರಿ ಬಿಡು. ವಯಸ್ಸಾ? ದೊಡ್ಡ ನೆರೆ ಬಂದಿತ್ತಂತೆ ನಾ ಹುಟ್ಟಿದ್ ವರ್ಷ. ನೀನೇ ಲೆಕ್ಕ ಹಾಕಿ ಬರಿ. ಕೆಲ್ಸಾ... (ಒಳಗೆ ತಿರುಗಿ) ಅವ್ನು ಕೇಳ್ತಿರೋದು ನನ್ನ ಕಣೇ. ನೀನ್ಯಾಕೆ ಹೇಳ್ತೀಯ? (ಇತ್ತ ತಿರುಗಿ) ಈಗ ಏನೋ ಗೀಚಿದ್ಯಲ್ಲ, ಏನದು? ಓದು, ಕೇಳಣ. ...ಹಸುನಾ? ಕೆಂಪಿ. ಕರು ಹಾಕಿ ಎರಡು ತಿಂಗ್ಳು. ನಾ ಕೈ ಹಾಕಿದ್ರೆ ಮಾತ್ರ ಹಾಲು ಇಳಿಸ್ತಾಳೆ. ಸೊಸೆ ಹೋದ್ರೆ ಒದೀತಾಳೆ. ಬೆಳಿಗ್ಗೆ ಎರಡು ಲೀಟ್ರು, ಸಂಜೆ ಒಂದೂವರೆ. ಹಾಂ, ಅದನ್ನ ಬರ್ಕೋ."

ಇದಾದ ಮೇಲೆ ಹೆಣ್ಣಿನ ದುಡಿಮೆಗೆ ಬೆಲೆ ಇಲ್ಲ ಅನ್ನುವ ಹಳೇ ಸಾಲುಗಳು ಬರುತ್ತವೆ.

ಪುಣೆ ಕನ್ನಡತಿ

ಆ ಹಳೇ ಸಾಲುಗಳು ಬೇಡವೇ ಬೇಡ. "ಅದನ್ನ ಬರ್ಕೋ" ಅಂದ ಮೇಲೆ ಇನ್ನೇನು ಉಳಿದಿದೆ ಹೇಳಲು? ಅವನು ಬರೆಯುವವರೆಗೆ ಅಜ್ಜಿ ಕಾಯಲಿ, ಆಮೇಲೆ ಮುಂದಿನ ಪ್ರಶ್ನೆಗೆ ಹೋಗಲಿ.

ಹಿಂದಿನ ಸಾಲು

"ಅದಕ್ಕೆ ನಿನ್ ಹತ್ರ ಜಾಗ ಇದ್ಯಾ?" ಅನ್ನುವಲ್ಲಿ ನಕ್ಕೆ. ಆಮೇಲೆ ಅಮ್ಮನ ಮೊದಲಿನ ಹೆಸರು ನೆನಪಾಯಿತು.

ಬೆಳಕು ಬಾಬು

ಸೊಸೆಗೆ ಎಡಗಡೆ ವಿಂಗ್, ಗಣತಿಯವನಿಗೆ ಪ್ರೇಕ್ಷಕರ ಮೊದಲ ಸಾಲಿನ ಮಧ್ಯದ ಕುರ್ಚಿ. ಗುರುತು ಹಾಕಿಕೊಂಡು ಈಗಿಂದಲೇ ಅಭ್ಯಾಸ ಮಾಡಿ.

ತುಂಗಾತೀರ

ಹಾಗೇ ಮಾಡುತ್ತೇನೆ. ಇನ್ನು ಉಳಿದದ್ದು ನರ್ಸ್. ರಾತ್ರಿ ಐಸಿಯುನಲ್ಲಿ ಒಬ್ಬಳೇ ಇದ್ದು ತನ್ನ ಬದುಕಿನ ಬಗ್ಗೆ ಹೇಳಿಕೊಳ್ಳುತ್ತಾಳೆ. ಅವಳಿಗೂ ಕೇಳುವವರು ಇಲ್ಲ. ರೋಗಿಗೆ ಪ್ರಜ್ಞೆ ಇಲ್ಲ. ಫೋನ್ ಕೊಡೋಣ ಅಂದರೆ ಡ್ಯೂಟಿಯಲ್ಲಿ ಅಷ್ಟು ಹೊತ್ತು ಮಾತಾಡುವುದು ನಂಬುವ ಹಾಗಿಲ್ಲ.

ರಾತ್ರಿ ಪಾಳಿ

ನಾನು ಐಸಿಯು ನರ್ಸ್. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ.

ಪ್ರಜ್ಞೆ ಇಲ್ಲದ ರೋಗಿ ಜೊತೆ ನಾವು ಮಾತಾಡುತ್ತೇವೆ. ಹಾಗೆ ಮಾಡಬೇಕು ಅಂತ ಓದುವಾಗಲೇ ಕಲಿಸುತ್ತಾರೆ, ಯಾಕೆಂದರೆ ಅವರಿಗೆ ಕಿವಿ ಕೇಳುತ್ತಿರಬಹುದು. "ಅಮ್ಮಾ, ಈಗ ಬಾಯಿ ಕ್ಲೀನ್ ಮಾಡ್ತೀನಿ", "ಸ್ವಲ್ಪ ಚುಚ್ಚುತ್ತೆ", "ಈಗ ಬೆಳಿಗ್ಗೆ ನಾಲ್ಕು ಗಂಟೆ, ಹೊರಗೆ ಮಳೆ ಬರ್ತಿದೆ". ಮೊದಮೊದಲು ಬರೀ ಕೆಲಸದ ಮಾತು. ಒಬ್ಬರೇ ರೋಗಿ ವಾರಗಟ್ಟಲೆ ಇದ್ದರೆ ಬೇರೆ ಮಾತೂ ಸೇರಿಕೊಳ್ಳುತ್ತದೆ. ಮಗಳ ಫೀಸು, ಊರಲ್ಲಿ ಅಮ್ಮನ ಮಂಡಿ ನೋವು. ಅವರು ಯಾರಿಗೂ ಹೇಳುವುದಿಲ್ಲ ಅನ್ನುವ ಧೈರ್ಯವೂ ಇರಬಹುದು. ನಿಮ್ಮ ನರ್ಸ್‌ಗೆ ಕೇಳುವವರು ಮಂಚದ ಮೇಲೇ ಇದ್ದಾರೆ.

ಒಂದು ವಿಷಯ ಮಾತ್ರ ಸರಿ ಮಾಡಿಕೊಳ್ಳಿ. ಬೆನ್ನಿಗೆ ಹುಣ್ಣಾಗಬಾರದು ಅಂತ ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಟ್ಯೂಬು, ಲೈನು ಎಲ್ಲ ಇರುವಾಗ ಒಬ್ಬಳೇ ತಿರುಗಿಸಲು ಆಗುವುದಿಲ್ಲ. ಪಕ್ಕದ ಬೆಡ್ಡಿನ ನರ್ಸ್‌ನೋ ಆಯಾಳನ್ನೋ ಕರೆಯಬೇಕು. ಅವರು ಬಂದಾಗ ನಿಮ್ಮ ಪಾತ್ರ ಸ್ವಂತ ಮಾತು ನಿಲ್ಲಿಸಿ ಬರೀ "ಒಂದು, ಎರಡು, ಮೂರು" ಅನ್ನುತ್ತಾಳೆ. ಅವರು ಹೋದ ಮೇಲೆ ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದ ಶುರು ಮಾಡುತ್ತಾಳೆ, ಅಥವಾ ಮಾಡುವುದೇ ಇಲ್ಲ. ಸ್ಕ್ರಿಪ್ಟ್ ಕಳಿಸಿ, ನಾಳೆ ನನಗೆ ರಜೆ, ಓದುತ್ತೇನೆ.